ಪಟ್ಟಣದ ಕಚೇರಿ: ಕೊಳ್ಳುವುದೋ, ಬಾಡಿಗೆಗೆ ಹಿಡಿಯುವುದೋ, ಕುರ್ಚಿಯ ಲೆಕ್ಕವೋ?



ಕಳೆದ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ವಿಷಯ ಬಂದು, ಎರಡು ಸುತ್ತು ಕಾಫಿ ಮುಗಿದರೂ ಇತ್ಯರ್ಥವಾಗದೆ ಉಳಿಯಿತು. ಸಂಘದ ಕಾಫಿಪುಡಿಯನ್ನು ಬೆಂಗಳೂರಿನ ಅಂಗಡಿಗಳಿಗೂ ಹೋಟೆಲುಗಳಿಗೂ ಒದಗಿಸಲು, ಅಡಿಕೆ ಕೊಳ್ಳುವವರ ಜೊತೆ ಎದುರಾಎದುರು ಕೂತು ಮಾತನಾಡಲು ಅಲ್ಲೊಂದು ಕಚೇರಿ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದು ಎಂಥದ್ದಿರಬೇಕು ಎಂಬಲ್ಲಿ ಮಾತ್ರ ಮೂರು ದಾರಿಯಾಯಿತು. ಕಟ್ಟಡ ನಿಧಿಯಿಂದ ಒಂದು ಸ್ವಂತ ಜಾಗ ಕೊಳ್ಳೋಣವೆಂದು ಕೆಲವರು. ಮೂರು ವರ್ಷದ ಕರಾರಿನ ಮೇಲೆ ಬಾಡಿಗೆಗೆ ಹಿಡಿಯೋಣವೆಂದು ಕೆಲವರು. ಮಂಡಳಿಗೆ ಹೊಸದಾಗಿ ಬಂದ ಕಿರಿಯ ಸದಸ್ಯರೊಬ್ಬರು, ಈಗ ಅಲ್ಲಿ ಕುರ್ಚಿಯ ಲೆಕ್ಕದಲ್ಲಿ ಕಚೇರಿ ಸಿಗುತ್ತದೆ, ತಿಂಗಳಿಗಿಷ್ಟು ಕೊಟ್ಟು ಕೂತರಾಯಿತು, ಬೇಡವಾದಾಗ ಎದ್ದು ಬಂದರಾಯಿತು ಎಂದರು. ಅದಕ್ಕೆ ನಮ್ಮ ಹಿರಿಯರೊಬ್ಬರು, "ಬೋರ್ಡು ಹಾಕಲು ಸ್ವಂತ ಗೋಡೆ ಇಲ್ಲದ್ದು ಎಂಥ ಕಚೇರಿ ಮಾರಾಯ್ರೆ? ಛತ್ರದಲ್ಲಿ ಸಂಸಾರ ಹೂಡಿದ ಹಾಗಾಯಿತು" ಎಂದರು. ಎಲ್ಲರೂ ನಕ್ಕರು. ವಿಷಯ ಮುಂದಕ್ಕೆ ಹೋಯಿತು.

ನಕ್ಕು ಬಿಡುವ ವಿಷಯ ಇದಲ್ಲವೆಂದು ನಮಗೆ ಅನ್ನಿಸಿದ್ದರಿಂದ ಈ ನಾಲ್ಕು ಮಾತು. ಕಟ್ಟಡ ನಿಧಿಯಲ್ಲಿರುವುದು ಕಿಲೋಗೆ ಇಷ್ಟು ಕಾಸು ಎಂದು ನಿಮ್ಮೆಲ್ಲರ ಬಿಲ್ಲಿನಿಂದ ಮುರಿದುಕೊಂಡ ಹಣ. ಎರಡೆಕರೆ ತೋಟದವರ ಪಾಲೂ ಅದರಲ್ಲಿದೆ. ಕೊಳೆರೋಗ ಬಂದ ವರ್ಷವೂ ಆ ಮುರಿತ ನಿಂತದ್ದಿಲ್ಲ.

ಮೊದಲಿಗೆ, ಈ ಕುರ್ಚಿ ಲೆಕ್ಕದ ಕಚೇರಿ ಎಂದರೇನು? ಒಂದು ಕಂಪನಿ ದೊಡ್ಡ ಕಟ್ಟಡದ ಒಂದೋ ಎರಡೋ ಮಹಡಿಯನ್ನು ಮಾಲೀಕರಿಂದ ದೀರ್ಘ ಕರಾರಿಗೆ ಹಿಡಿಯುತ್ತದೆ. ಅದಕ್ಕೆ ಮೇಜು, ಕುರ್ಚಿ, ದೀಪ, ಹವಾನಿಯಂತ್ರಣ, ಇಂಟರ್‌ನೆಟ್, ಜನರೇಟರು, ಗುಡಿಸುವವರು, ಬಾಗಿಲಲ್ಲಿ ಬಂದವರನ್ನು ವಿಚಾರಿಸುವವರು ಎಲ್ಲವನ್ನೂ ಹೊಂದಿಸಿ, ಒಂದೊಂದು ಕುರ್ಚಿಯನ್ನೋ ಒಂದೊಂದು ಕೋಣೆಯನ್ನೋ ತಿಂಗಳ ಲೆಕ್ಕದಲ್ಲಿ ಬೇರೆಯವರಿಗೆ ಕೊಡುತ್ತದೆ. ನಾಲ್ಕು ಜನ ಕೂತು ಮಾತನಾಡುವ ಕೋಣೆ ಬೇಕಾದರೆ ಗಂಟೆಯ ಲೆಕ್ಕ. ಸರ್ವೀಸ್ಡ್ ಆಫೀಸು ಎಂಬ ಹೆಸರು ಹಳೆಯದು. ಕೋ-ವರ್ಕಿಂಗ್, ಮ್ಯಾನೇಜ್ಡ್ ಎಂದು ಹೊಸ ಹೆಸರುಗಳೂ ಬಂದಿವೆ. ಒಳಗಿನ ವ್ಯತ್ಯಾಸ ನಮಗೆ ಮುಖ್ಯವಲ್ಲ.

ಹೊಸತೆಂದು ಹೆದರುವವರು ನಮ್ಮದೇ ಅಂಗಳವನ್ನು ನೋಡಿಕೊಳ್ಳಬಹುದು. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಸ್ವಂತ ಪಲ್ಪರ್ ಇದೆ? ಮೂರೆಕರೆಯವರು ಹಣ್ಣು ಕುಯಿದ ಸಂಜೆ ಪಕ್ಕದ ತೋಟದ ಪಲ್ಪರಿಗೆ ಹೊರುತ್ತಾರೆ, ಹೊಡೆಸಿದ ಕೂಲಿ ಕೊಟ್ಟು ಪಾರ್ಚ್‌ಮೆಂಟ್ ತಂದು ಕಣದಲ್ಲಿ ಹರಡುತ್ತಾರೆ. ಕ್ಯೂರಿಂಗ್ ವರ್ಕ್ಸನ್ನಂತೂ ನೂರೆಕರೆಯವರೂ ಸ್ವಂತ ಇಟ್ಟುಕೊಂಡವರಲ್ಲ. ಅಡಿಕೆ ಸುಲಿಯುವ ಯಂತ್ರ ಮನೆಮನೆಗೆ ಬಾಡಿಗೆಗೆ ಬಂದು ಹೋಗುತ್ತದೆ. ವರ್ಷಕ್ಕೆ ಇಪ್ಪತ್ತು ದಿನ ಬೇಕಾಗುವ ವಸ್ತುವಿಗೆ ಮುನ್ನೂರರವತ್ತೈದು ದಿನದ ಬಂಡವಾಳ ಹಾಕಬಾರದೆಂದು ನಮಗೆ ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಕಲಿಸಲಿಲ್ಲ.

ಇನ್ನೊಂದು ಸಂಗತಿಯನ್ನು ಕಾಫಿ ಬೆಳೆಯುವ ನಾವು ಮರೆಯುವಂತಿಲ್ಲ. ಈ ಬಗೆಯ ಕಚೇರಿಯ ಮೂಲವನ್ನು ಹುಡುಕಿಕೊಂಡು ಹೋದರೆ ಅದು ಕಾಫಿ ಬಟ್ಟಲಿಗೇ ಬಂದು ಮುಟ್ಟುತ್ತದೆ. ಬಾಬಾಬುಡನ್ ಗಿರಿಗೆ ಕಾಫಿ ಬೀಜ ಬಂದಿತೆಂದು ನಾವು ಹೇಳಿಕೊಳ್ಳುವ ಆ ಹದಿನೇಳನೆಯ ಶತಮಾನದಲ್ಲೇ, 1652ರಲ್ಲಿ, ಲಂಡನ್ನಿನಲ್ಲಿ ಮೊದಲ ಕಾಫಿ ಮನೆ ಆರಂಭವಾಯಿತು. ಒಂದು ಪೆನ್ನಿ ಕೊಟ್ಟರೆ ಒಳಗೆ ಬೆಂಕಿಯ ಬಿಸಿ, ಕೂರಲು ಬೆಂಚು, ಓದಲು ಸುದ್ದಿಪತ್ರ, ಮಾತಿಗೆ ಜನ. ವರ್ತಕರು ತಮ್ಮ ಪತ್ರಗಳನ್ನು ಆ ಕಾಫಿ ಮನೆಯ ವಿಳಾಸಕ್ಕೇ ತರಿಸಿಕೊಳ್ಳುತ್ತಿದ್ದರು. ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಮನೆಯಲ್ಲಿ ಹಡಗಿನವರು ಸೇರಿ ಸೇರಿ, ಅಲ್ಲಿಂದಲೇ ಲಾಯ್ಡ್ಸ್ ಎಂಬ ಜಗತ್ಪ್ರಸಿದ್ಧ ವಿಮಾ ಮಾರುಕಟ್ಟೆ ಹುಟ್ಟಿತು. ಅಲ್ಲಿನ ಸಮವಸ್ತ್ರದ ಸಿಬ್ಬಂದಿಯನ್ನು ಈಗಲೂ 'ವೇಟರ್' ಎಂದೇ ಕರೆಯುತ್ತಾರೆ. ಷೇರು ವ್ಯಾಪಾರಿಗಳು ಜೊನಾಥನ್ಸ್ ಎಂಬ ಇನ್ನೊಂದು ಕಾಫಿ ಮನೆಯಲ್ಲಿ ಕೂತರು. 1698ರಲ್ಲಿ ಅಲ್ಲಿಂದ ಧಾರಣೆ ಪಟ್ಟಿ ಹೊರಟಿತು. ಇವರಲ್ಲಿ ಯಾರೂ ಮೊದಲು ಕಟ್ಟಡ ಕಟ್ಟಿಸಿ ಆಮೇಲೆ ವ್ಯಾಪಾರಕ್ಕೆ ಕೂತವರಲ್ಲ.

ನಮ್ಮ ಕಡೆಯೂ ಅಷ್ಟೆ. ಕಾಫಿ ಕಾರ್ಮಿಕರ ಸಹಕಾರ ಸಂಘ ನಡೆಸುವ ಇಂಡಿಯಾ ಕಾಫಿ ಹೌಸ್ 2009ರವರೆಗೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿತ್ತು. ಕಾಫಿ ಬೋರ್ಡಿನ ಕೆಲಸಕ್ಕೆಂದು ಹೋದ ನಮ್ಮೂರ ಬೆಳೆಗಾರರು ಅಲ್ಲಿನ ಮೇಜುಗಳ ಮೇಲೆ ಬರೆದ ಅರ್ಜಿಗಳಿಗೆ, ಕುದುರಿಸಿದ ವ್ಯಾಪಾರಗಳಿಗೆ ಲೆಕ್ಕವಿಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆದಾಗ ಅಲ್ಲಿ ಕಾಫಿಯ ಜೊತೆಗೆ ಕಂಪ್ಯೂಟರೂ ಇಂಟರ್‌ನೆಟ್ಟೂ ಇದ್ದವು. ಜನ ಕಾಫಿಯ ನೆಪದಲ್ಲಿ ಜಾಗ ಕೊಳ್ಳುತ್ತಾರೆಂಬುದನ್ನು ನಮ್ಮ ಜಿಲ್ಲೆಯಿಂದ ಹೋದವರೇ ಕಂಡುಕೊಂಡಿದ್ದರು.

ಈಗ ವಿಷಯಕ್ಕೆ ಬರೋಣ. ಹಣವಿಲ್ಲದವರು ಮಾತ್ರ ಇಂಥ ಜಾಗಕ್ಕೆ ಹೋಗುತ್ತಾರೆ ಎಂಬ ಭಾವನೆ ನಮ್ಮ ಮಂಡಳಿಯಲ್ಲಿ ಕೆಲವರಿಗಿದೆ. ಅದು ಸರಿಯಲ್ಲ. ದೊಡ್ಡ ದೊಡ್ಡ ವಿದೇಶಿ ಕಂಪನಿಗಳೂ ಬೆಂಗಳೂರಿಗೆ ಬಂದ ಹೊಸತರಲ್ಲಿ ಇಲ್ಲಿಯೇ ಕೂರುತ್ತವೆ. ಕಾರಣವಿದೆ. ಮಾಮೂಲು ಬಾಡಿಗೆ ಎಂದರೆ ಅಲ್ಲಿ ಖಾಲಿ ಗೋಡೆ, ಖಾಲಿ ನೆಲ. ಅದನ್ನು ಕೂರುವ ಹಾಗೆ ಮಾಡಲು ತಿಂಗಳುಗಟ್ಟಲೆ ಬೇಕು. ಬಿಟ್ಟು ಹೋಗದಂತೆ ಕಟ್ಟಿಹಾಕುವ ಅವಧಿ ಸಾಧಾರಣವಾಗಿ ಮೂರು ವರ್ಷ. ಆರು ತಿಂಗಳಿನದೋ ಹತ್ತು ತಿಂಗಳಿನದೋ ಬಾಡಿಗೆಯನ್ನು ಮುಂಗಡ ಇಡಬೇಕು. ಮೂರು ವರ್ಷದ ಮೇಲೆ ತನಗೆ ಹತ್ತು ಜನ ಬೇಕೋ ನೂರು ಜನ ಬೇಕೋ ಎಂದು ಯಾವ ವ್ಯಾಪಾರಿ ಖಂಡಿತವಾಗಿ ಹೇಳಬಲ್ಲ? ಹೂಮಳೆ ಬೀಳುವ ಮೊದಲೇ ಫಸಲಿನ ಲೆಕ್ಕ ಬರೆದುಕೊಡಿ ಎಂದ ಹಾಗಾಯಿತು.

2020ರ ಮಾರ್ಚಿನಲ್ಲಿ ಏನಾಯಿತೆಂದು ಎಲ್ಲರೂ ಕಂಡದ್ದೇ. ಸಾವಿರ ಜನ ಕೂರುವ ಕಚೇರಿಗಳು ಬೀಗ ಹಾಕಿಕೊಂಡು ನಿಂತವು, ಬಾಡಿಗೆ ಮಾತ್ರ ಓಡುತ್ತಿತ್ತು. ಆ ಪೆಟ್ಟು ತಿಂದ ಮೇಲೆ, ವಾರದಲ್ಲಿ ಎರಡು ಮೂರು ದಿನ ಮಾತ್ರ ಕಚೇರಿಗೆ ಬರುವ ಪದ್ಧತಿ ಉಳಿದುಕೊಂಡ ಮೇಲೆ, ಉದ್ದ ಕರಾರಿಗೆ ಸಹಿ ಹಾಕುವ ಕೈ ಹಿಂಜರಿಯುವುದು ಸಹಜ. ಲೆಕ್ಕಪತ್ರದ ಕಾರಣವೂ ಒಂದಿದೆ. ದೊಡ್ಡ ಕಂಪನಿಗಳು 2019ರ ಏಪ್ರಿಲ್ 1ರಿಂದ ಪಾಲಿಸುತ್ತಿರುವ ಇಂಡ್ ಎ.ಎಸ್. 116 ಎಂಬ ನಿಯಮದಂತೆ, ದೀರ್ಘ ಬಾಡಿಗೆ ಕರಾರನ್ನು ಆಸ್ತಿ-ಹೊಣೆ ಪಟ್ಟಿಯಲ್ಲಿ ಸಾಲದಂತೆ ತೋರಿಸಬೇಕು. ಹನ್ನೆರಡು ತಿಂಗಳ ಒಳಗಿನದಕ್ಕೆ ವಿನಾಯಿತಿ ಉಂಟು. ನಮ್ಮಂಥ ಸಂಘಕ್ಕೆ ಆ ನಿಯಮ ತಗಲುವುದಿಲ್ಲ. ಆದರೆ ಬಾಡಿಗೆ ಕರಾರೆಂಬುದು ಸಾಲವೇ ಸರಿ ಎಂಬ ಅದರೊಳಗಿನ ಮಾತು ನಮಗೂ ತಗಲುತ್ತದೆ.

ಅದನ್ನು ನಾವು ಅನುಭವದಿಂದಲೇ ಕಲಿತದ್ದು. 2011ರಲ್ಲಿ ನಮ್ಮ ಸಂಘ ಬೆಂಗಳೂರಿನಲ್ಲಿ ಒಂದು ಮಹಡಿಯ ಮೇಲೆ ಕಚೇರಿ ಹಿಡಿದದ್ದು ಹಿರಿಯ ಸದಸ್ಯರಿಗೆ ನೆನಪಿದೆ. ಹತ್ತು ತಿಂಗಳ ಮುಂಗಡ, ಮೂರು ವರ್ಷದ ಕರಾರು. ಪೂಜೆಯ ದಿನ ಎರಡು ವ್ಯಾನಿನಲ್ಲಿ ಜನ ಹೋಗಿದ್ದೆವು. ಆಗ ನಾವು ಕಾರ್ಯದರ್ಶಿಯಾಗಿರಲಿಲ್ಲ, ಮಂಡಳಿಯ ಸದಸ್ಯರಾಗಿ ಕೈ ಎತ್ತಿದವರಲ್ಲಿ ಒಬ್ಬರು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಳ್ಳುತ್ತೇವೆ. ಅಲ್ಲಿಗೆ ಕಳಿಸಿದ ಹುಡುಗ ಒಂದು ವರ್ಷ ಆಗುವಷ್ಟರಲ್ಲಿ ಬೇರೆ ಕೆಲಸ ಸಿಕ್ಕಿ ಹೋದ. ಎರಡನೆಯವನಿಗೆ ಊರು ಒಗ್ಗಲಿಲ್ಲ. ಹದಿನಾಲ್ಕನೆಯ ತಿಂಗಳಲ್ಲಿ ಬಾಗಿಲು ಹಾಕಿದೆವು. ಕಟ್ಟಡದವರು ಉಳಿದ ಅವಧಿಯ ಬಾಡಿಗೆ ಎಂದು ಸ್ವಲ್ಪ, ಸುಣ್ಣಬಣ್ಣ ಎಂದು ಸ್ವಲ್ಪ, ಕಿತ್ತ ಮೊಳೆಯ ತೂತಿಗೆಂದು ಸ್ವಲ್ಪ ಮುರಿದುಕೊಂಡು ಮುಂಗಡದಲ್ಲಿ ಕೈಗಿಟ್ಟದ್ದು ಮೂರು ತಿಂಗಳಿನದಕ್ಕಿಂತ ಕಡಿಮೆ. ಮರದ ತಡಿಕೆಗಳನ್ನು ಬಿಟ್ಟೇ ಬಂದೆವು. ಗೊಬ್ಬರ ತರಲು ಹೋಗಿದ್ದ ಲಾರಿಯ ಮೇಲೆ ವಾಪಸು ಬಂದ ಉಕ್ಕಿನ ಮೇಜೊಂದು ಈಗಲೂ ನಮ್ಮ ಗೋದಾಮಿನಲ್ಲಿದೆ. ತೂಕದ ಪುಸ್ತಕ ಇಡುವುದು ಅದರ ಮೇಲೆಯೇ.

ಇನ್ನು ಲೆಕ್ಕ. ಇದು ತಿಳಿವಳಿಕೆಗಾಗಿ ಹಿಡಿದ ಅಂಕಿ, ಪೇಟೆಯ ಧಾರಣೆಯಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. 600 ಚದರಡಿಯ ಜಾಗ, ಅಡಿಗೆ 60 ರೂಪಾಯಿ ಎಂದರೆ ತಿಂಗಳಿಗೆ 36,000. ಒಳಗಿನ ಸಜ್ಜಿಕೆಗೆ ಒಂದೇ ಸಲ 6 ಲಕ್ಷ. ಕರೆಂಟು, ಇಂಟರ್‌ನೆಟ್, ಗುಡಿಸುವವರ ಸಂಬಳ ಸೇರಿ ತಿಂಗಳಿಗೆ 12,000. ಮೂರು ವರ್ಷ ಇದ್ದರೆ ಒಟ್ಟು ಖರ್ಚು 23,28,000. ಒಂದೇ ವರ್ಷಕ್ಕೆ ಬಿಟ್ಟರೆ 11,76,000. ಮುಂಗಡ ಮುರಿದುಕೊಂಡರೆ ಅದು ಬೇರೆ. ಕುರ್ಚಿ ಲೆಕ್ಕದಲ್ಲಿ ಒಂದಕ್ಕೆ ತಿಂಗಳಿಗೆ 10,000 ಎಂದು ಹಿಡಿದರೆ ನಾಲ್ಕು ಕುರ್ಚಿಗೆ ವರ್ಷಕ್ಕೆ 4,80,000, ಮೂರು ವರ್ಷಕ್ಕೆ 14,40,000. ತೆರಿಗೆಯನ್ನು ಎರಡೂ ಕಡೆ ಬಿಟ್ಟಿದ್ದೇವೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ವಕೀಲಿಕೆಯಾದೀತು. ಅದೇ 600 ಚದರಡಿಯಲ್ಲಿ ಹತ್ತು ಜನ ಕೂರಬಹುದು. ಹತ್ತು ಕುರ್ಚಿಗೆ ಮೂರು ವರ್ಷಕ್ಕೆ 36 ಲಕ್ಷವಾಯಿತು. ಮಾಮೂಲು ಬಾಡಿಗೆಗಿಂತ 12 ಲಕ್ಷದ ಮೇಲೆ ಹೆಚ್ಚು. ಅಂದರೆ ಹತ್ತು ಜನರಿಗೆ ಮೂರು ವರ್ಷ ಕೆಲಸ ಗ್ಯಾರಂಟಿ ಇರುವವರಿಗೆ ಕುರ್ಚಿಯ ಲೆಕ್ಕ ದುಬಾರಿ. ನಡೆಸುವ ಕಂಪನಿಯೇನು ಧರ್ಮಛತ್ರ ಇಟ್ಟಿಲ್ಲ. ನಾವು ಕೊಡುವ ಹೆಚ್ಚಿನ ಹಣ ಎದ್ದು ಬರುವ ಸ್ವಾತಂತ್ರ್ಯದ ಬೆಲೆ. ಆ ಸ್ವಾತಂತ್ರ್ಯ ಬೇಕಿಲ್ಲದವರು ಅದನ್ನು ಕೊಳ್ಳಬಾರದು. ನಮಗೋ, ಸದ್ಯಕ್ಕೆ ಬೇಕಾಗಿರುವುದು ಇಬ್ಬರಿಗೆ ಜಾಗ, ಮಂಡಳಿಯವರು ಹೋದಾಗ ಇನ್ನಿಬ್ಬರಿಗೆ. ಪುಡಿ ಅಲ್ಲಿ ಕುದುರುತ್ತದೋ ಇಲ್ಲವೋ ಎಂಬುದೇ ಇನ್ನೂ ಗೊತ್ತಿಲ್ಲ. ಸ್ವಂತ ಜಾಗ ಕೊಳ್ಳುವ ಮಾತಂತೂ ಸಸಿ ಹಿಡಿಯುವ ಮೊದಲೇ ಕಣಕ್ಕೆ ಸಿಮೆಂಟು ಹಾಕಿದಂತೆ. ಬೆಂಗಳೂರಿನ ಜಾಗದ ಬೆಲೆ ಏರುತ್ತದಲ್ಲ ಎಂದು ವಾದಿಸುವವರಿಗೆ ಒಂದೇ ಮಾತು: ನಮ್ಮ ಸಂಘದ ಉಪನಿಯಮದಲ್ಲಿ ಬೆಳೆ ಮಾರಾಟವೆಂದು ಬರೆದಿದೆ, ನಿವೇಶನದ ವ್ಯವಹಾರವೆಂದು ಬರೆದಿಲ್ಲ.

ಅಪಾಯದ ಕಡೆಯನ್ನೂ ನೋಡಬೇಕು. ಚೇಣಿ ವ್ಯವಹಾರ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಚೇಣಿದಾರ ಮೊದಲೇ ಒಂದು ದರಕ್ಕೆ ಫಸಲು ಒಪ್ಪಿಕೊಳ್ಳುತ್ತಾನೆ, ಮಾರುವುದು ಆಮೇಲಿನ ದರಕ್ಕೆ. ಧಾರಣೆ ಏರಿದರೆ ಹೊಸ ಜೀಪು, ಇಳಿದರೆ ಫೋನು ಎತ್ತುವುದಿಲ್ಲ. ಈ ಕಚೇರಿ ಕಂಪನಿಗಳೂ ಅಷ್ಟೆ: ಕಟ್ಟಡದ ಮಾಲೀಕರಿಗೆ ಹತ್ತು ಹದಿನೈದು ವರ್ಷದ ಮಾತು ಕೊಟ್ಟಿರುತ್ತವೆ, ಗಿರಾಕಿಯಿಂದ ಪಡೆದಿರುವುದು ತಿಂಗಳಿನದೋ ವರ್ಷದ್ದೋ ಮಾತು. 1989ರಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿದ ರೀಜಸ್ ಕಂಪನಿ, ಅಮೆರಿಕದಲ್ಲಿ ಕಂಪ್ಯೂಟರು ಕಂಪನಿಗಳು ಕುಸಿದ ಕಾಲದಲ್ಲಿ ಖಾಲಿ ಕುರ್ಚಿಗಳ ಭಾರ ತಾಳಲಾರದೆ, 2003ರಲ್ಲಿ ಅಲ್ಲಿನ ವ್ಯವಹಾರವನ್ನು ದಿವಾಳಿ ಕಾನೂನಿನ ರಕ್ಷಣೆಗೆ ಒಪ್ಪಿಸಬೇಕಾಯಿತು. ಆಮೇಲೆ ಚೇತರಿಸಿಕೊಂಡಿತು. 2010ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವಿವರ್ಕ್‌ನ ಕಥೆ ಇನ್ನೂ ದೊಡ್ಡದು. 2019ರ ಆರಂಭದಲ್ಲಿ ಅದರ ಬೆಲೆ 4,700 ಕೋಟಿ ಡಾಲರ್ ಎಂದು ಕಟ್ಟಿದ್ದರು. ಅದೇ ವರ್ಷ ಷೇರು ಮಾರಲೆಂದು ಕಂಪನಿ ಸಲ್ಲಿಸಿದ ಕಾಗದಗಳಲ್ಲಿ, ಕಟ್ಟಡಗಳಿಗೆ ಮುಂದೆ ಕೊಡಬೇಕಾದ ಬಾಡಿಗೆಯೂ ಸುಮಾರು 4,700 ಕೋಟಿ ಡಾಲರ್, ಗಿರಾಕಿಗಳಿಂದ ಬರುವುದೆಂದು ಗೊತ್ತಾಗಿದ್ದದ್ದು ಸುಮಾರು 400 ಕೋಟಿ ಡಾಲರ್ ಎಂದು ಬಂತು. ಷೇರು ಮಾರಾಟ ನಿಂತಿತು. 2023ರ ನವೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ, ಎಷ್ಟೋ ಕಟ್ಟಡಗಳ ಕರಾರನ್ನು ಬಿಟ್ಟುಕೊಟ್ಟು, 2024ರ ಜೂನಿನಲ್ಲಿ ಹೊರಬಂತು. ಭಾರತದಲ್ಲಿ ಅದೇ ಹೆಸರಿನಲ್ಲಿ ನಡೆಯುವುದು ಬೆಂಗಳೂರಿನ ಎಂಬೆಸಿ ಸಮೂಹ ಕಟ್ಟಿದ ಬೇರೆ ಕಂಪನಿ. ಅದಕ್ಕೆ ಆ ಬಿಸಿ ತಾಗಲಿಲ್ಲ, 2025ರ ಅಕ್ಟೋಬರಿನಲ್ಲಿ ಅದರ ಷೇರು ಇಲ್ಲಿನ ಪೇಟೆಗೆ ಬಂದಿತು.

ಇದರಿಂದ ನಾವು ಹೆದರಿ ದೂರ ನಿಲ್ಲಬೇಕಾಗಿಲ್ಲ. ಚೇಣಿದಾರ ಮುಳುಗಿದರೆ ನಷ್ಟವಾಗುವುದು ಇಡೀ ಫಸಲು ಕೊಟ್ಟವರಿಗೆ. ಎರಡು ತಿಂಗಳ ಠೇವಣಿ ಇಟ್ಟು ಕೂತವರಿಗೆ ಹೋಗುವುದು ಆ ಎರಡು ತಿಂಗಳಿನದು, ಜೊತೆಗೆ ವಿಳಾಸ ಬದಲಿಸುವ ತಾಪತ್ರಯ. ಆದರೂ ಕಾಗದ ಓದದೆ ಸಹಿ ಹಾಕುವುದು ಬೇಡ. ಅಲ್ಲಿ ನಮಗೆ ಸಿಗುವುದು ಬಾಡಿಗೆದಾರರ ಹಕ್ಕಲ್ಲ, ಕೂರುವ ಪರವಾನಗಿ ಮಾತ್ರ. ಎಷ್ಟು ದಿನದ ನೋಟೀಸಿಗೆ ಏಳಬಹುದು, ಅವರು ಎಷ್ಟು ದಿನದ ನೋಟೀಸಿಗೆ ಏಳಿಸಬಹುದು, ಎರಡನ್ನೂ ನೋಡಬೇಕು. ಜಾಹೀರಾತಿನ ದರದ ಮೇಲೆ ಸಭಾಕೋಣೆ, ಮುದ್ರಣ, ವಾಹನ ನಿಲುಗಡೆ ಎಂದು ಬಾಲ ಬೆಳೆಯುತ್ತದೆ. ಜಿ.ಎಸ್.ಟಿ. ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವೆಂದು ಆ ವಿಳಾಸ ಕಾಣಿಸಲು ಒಪ್ಪಿಗೆ ಪತ್ರ ಕೊಡುತ್ತಾರೋ ಎಂದು ಮೊದಲೇ ಬರೆಸಿಕೊಳ್ಳಬೇಕು. ದಾಸ್ತಾನಿಗೆ ಅದು ಜಾಗವಲ್ಲ. ಹುರಿದ ಪುಡಿಯ ಪೆಟ್ಟಿಗೆಗಳನ್ನು ಅಲ್ಲಿಟ್ಟರೆ ಪಕ್ಕದ ಮೇಜಿನವರು ಮೊದಲ ದಿನ ಹೊಗಳಿಯಾರು, ಮೂರನೆಯ ದಿನ ದೂರು ಕೊಟ್ಟಾರು. ಪುಡಿಗೆ ಸಣ್ಣದೊಂದು ಗೋದಾಮು ಬೇರೆಯೇ ಬೇಕು, ಅದರ ಖರ್ಚನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ. ಹಿರಿಯರು ಕೇಳಿದ ಬೋರ್ಡಿನ ಪ್ರಶ್ನೆಗೂ ಉತ್ತರ ಹೇಳಬೇಕು: ಹೌದು, ರಸ್ತೆಗೆ ಕಾಣುವಂತೆ ನಮ್ಮ ಸಂಘದ ಬೋರ್ಡು ಅಲ್ಲಿ ಬರುವುದಿಲ್ಲ. ನಮ್ಮ ಹೆಸರು ಕಾಣಬೇಕಾದ್ದು ಪುಡಿಯ ಪೊಟ್ಟಣದ ಮೇಲೆ ಎಂದು ನಮ್ಮ ಅಭಿಪ್ರಾಯ. ಆ ಪೊಟ್ಟಣದ ಮುದ್ರಣ ಈಗ ಯಾವ ಸ್ಥಿತಿಯಲ್ಲಿದೆಯೆಂದು ಕೊಂಡವರೆಲ್ಲ ಬಲ್ಲರು.

ಇನ್ನೊಂದು ಮಾತು ಸಭೆಯಲ್ಲಿ ಬರಲಿಲ್ಲ, ಇಲ್ಲಿ ಹೇಳುತ್ತೇವೆ. 2020ರ ಬೇಸಗೆಯಲ್ಲಿ ನಮ್ಮ ಮಕ್ಕಳು ಬೆಂಗಳೂರಿನಿಂದ ಲ್ಯಾಪ್‌ಟಾಪು ಹಿಡಿದು ಮನೆಗೆ ಬಂದರು. ತೋಟದ ಮನೆಯಲ್ಲಿ ಸಿಗ್ನಲ್ ಇಲ್ಲದೆ ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಕಟ್ಟಿಕೊಂಡು ಕೆಲಸ ಮಾಡಿದವರನ್ನು ಕಂಡಿದ್ದೇವೆ. ಮಳೆಗಾಲ ಹಿಡಿದ ಮೇಲೆ ಕರೆಂಟೂ ಹೋಯಿತು. ಒಬ್ಬೊಬ್ಬರಾಗಿ ವಾಪಸು ಹೋದರು. ನಾಲ್ಕು ತಿಂಗಳು ಮನೆಯಲ್ಲಿ ದೀಪ ಹೆಚ್ಚಾಗಿ ಉರಿದದ್ದನ್ನು ಕಂಡ ತಂದೆತಾಯಿಗಳಿಗೆ ಆಮೇಲಿನ ಮೌನ ಎಂಥದ್ದೆಂದು ನಾವು ಬಲ್ಲೆವು, ನಮ್ಮ ಮನೆಯೂ ಅದರಲ್ಲೊಂದು. ಈಗಲೂ ತಿಂಗಳಲ್ಲಿ ಹತ್ತು ದಿನ ಊರಿನಲ್ಲಿದ್ದು ಕೆಲಸ ಮಾಡಲು ಸಿದ್ಧರಿರುವ ಮಕ್ಕಳಿದ್ದಾರೆ. ಅವರು ಕೇಳುವುದು ಕಡಿಯದ ಕರೆಂಟು, ನಿಲ್ಲದ ಇಂಟರ್‌ನೆಟ್, ಫೋನಿನಲ್ಲಿ ಮಾತನಾಡಲು ಒಂದು ಬಾಗಿಲಿರುವ ಕೋಣೆ. ನಮ್ಮ ಸಂಘದ ಕಟ್ಟಡದ ಮಹಡಿ ಹಳೆಯ ಗೋಣಿಚೀಲಗಳಿಗೆ ಮೀಸಲಾಗಿ ಬಿದ್ದಿದೆ. ಕೆಳಗೆ ಜನರೇಟರಿದೆ, ಪೇಟೆಗೆ ಕೇಬಲ್ ಬಂದಿದೆ. ಎಂಟು ಮೇಜು ಹಾಕಿ ದಿನದ ಲೆಕ್ಕದಲ್ಲಿ ಕೊಟ್ಟರೆ ಲಾಭವೇನೂ ಬರಲಿಕ್ಕಿಲ್ಲ. ಕರೆಂಟಿನ ಬಿಲ್ಲು ಹುಟ್ಟಿದರೆ ಸಾಕು. ಬೆಂಗಳೂರಿನಲ್ಲಿ ಕುರ್ಚಿ ಕೊಳ್ಳುವ ನಾವು ಇಲ್ಲಿ ಕುರ್ಚಿ ಕೊಡುವವರೂ ಆಗಬಹುದು. ಯಾರೂ ಬಾರದೆ ಹೋದರೆ ಮೇಜುಗಳು ಗೋದಾಮಿಗೆ ಇಳಿಯಲಿ, ಆ ಉಕ್ಕಿನ ಮೇಜಿಗೆ ಜೊತೆಯಾಗುತ್ತದೆ.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾವು ಮಂಡಿಸಲಿರುವುದು ಇಷ್ಟು: ಬೆಂಗಳೂರಿನಲ್ಲಿ ಇಬ್ಬರಿಗೆ ಕುರ್ಚಿ ಲೆಕ್ಕದ ಜಾಗ, ಹನ್ನೊಂದು ತಿಂಗಳಿಗೆ, ಕಟ್ಟಡ ನಿಧಿಯನ್ನು ಮುಟ್ಟದೆ, ಮಾರಾಟ ಖಾತೆಯಿಂದ. ಹನ್ನೊಂದನೆಯ ತಿಂಗಳಲ್ಲಿ ಪುಡಿಯ ಮಾರಾಟ ಎಷ್ಟಾಯಿತೆಂಬ ಲೆಕ್ಕ ಇದೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಒಳ್ಳೆಯದಿರಲಿ ಕೆಟ್ಟದಿರಲಿ. ಮಹಡಿಯ ವಿಷಯ ಬೇರೆ ಠರಾವು. ಮೂರು ಕಡೆಯಿಂದ ತರಿಸಿದ ದರಪಟ್ಟಿಗಳೂ ಕರಾರಿನ ಮಾದರಿಗಳೂ ಸಂಘದ ಕಚೇರಿಯಲ್ಲಿವೆ. ಸಂತೆಯ ದಿನ ಗದ್ದಲ, ಬೇರೆ ಯಾವ ದಿನವಾದರೂ ಬಂದು ಓದಬಹುದು. ಛತ್ರದ ಮಾತು ಹೇಳಿದ ಹಿರಿಯರು ಈಗಾಗಲೇ ಬಂದು ಎರಡು ತಾಸು ಕೂತು ಓದಿ, ಪೆನ್ಸಿಲಿನಲ್ಲಿ ನಾಲ್ಕು ಕಡೆ ಗೆರೆ ಎಳೆದು ಹೋಗಿದ್ದಾರೆ. ಅದರಲ್ಲಿ ಎರಡು ಗೆರೆ ನಾವು ಗಮನಿಸದೆ ಬಿಟ್ಟಿದ್ದ ಜಾಗದಲ್ಲಿವೆ.